ಆಲ್ಥಿಯಾ ಗಿಬ್ಸನ್: ವಿಂಬಲ್ಡನ್ ಗೆದ್ದವರು ಮನೆ ಬಾಡಿಗೆಗೆ ಪರದಾಡಿದ್ದು ನಿಜಾನಾ?

ಜರ್ಸಿ ಜಗಲಿ

ಎಲ್ಲರಿಗೂ ನಮಸ್ಕಾರ. ನಾನಿರೋದು ನ್ಯೂಜೆರ್ಸಿಯಲ್ಲಿ. ಇಲ್ಲಿ ನ್ಯೂವಾರ್ಕ್ ಊರಲ್ಲಿ ಬ್ರಾಂಚ್ ಬ್ರೂಕ್ ಪಾರ್ಕ್ ಅಂತ ಇದೆ. 5,000ಕ್ಕೂ ಜಾಸ್ತಿ ಚೆರ್ರಿ ಮರಗಳಿವೆ. ಏಪ್ರಿಲ್‌ನಲ್ಲಿ ಹೂ ಬಿಟ್ಟಾಗ ಜಾತ್ರೆ ಥರ ಜನ ಸೇರುತ್ತಾರೆ. ಊರಿಂದ ಅತ್ತೆ, ಮಾವ ಬಂದಿದ್ದರು. ಕರೆದುಕೊಂಡು ಹೋದೆ. ಹೂವಿನ ಕೆಳಗೆ ಅತ್ತೆಯ ಫೋಟೋಗಳು ಮುಗಿಯೋ ಹೊತ್ತಿಗೆ ಮಾವನಿಗೆ ಮಂಡಿ ನೋವು ಶುರುವಾಯಿತು. ಎಲ್ಲಾದರೂ ಕೂರೋಣ ಅಂತ ಟೆನಿಸ್ ಕೋರ್ಟ್‌ಗಳ ಕಡೆ ಬಂದೆವು. ಅಲ್ಲೊಂದು ಕಂಚಿನ ಪ್ರತಿಮೆ. ಒಬ್ಬ ಆಟಗಾರ್ತಿಯದು.

ಮಾವ ಕೇಳಿದರು: "ಯಾರಪ್ಪಾ ಇವರು, ಸೆರೀನಾನಾ?" ನಾನೂ ಹಾಗೇ ಅಂದುಕೊಂಡಿದ್ದೆ. ಹತ್ತಿರ ಹೋಗಿ ಓದಿದರೆ ಆಲ್ಥಿಯಾ ಗಿಬ್ಸನ್. ಹೆಸರು ಎಲ್ಲೋ ಕೇಳಿದ ಹಾಗಿತ್ತು, ಅಷ್ಟೇ. ಮನೆಗೆ ಬಂದು ರಾತ್ರಿ ಸುಮ್ನೆ ಹುಡುಕಿದೆ. ನಿದ್ದೆ ಹಾರಿಹೋಯಿತು. 1957 ಮತ್ತು 1958ರಲ್ಲಿ ವಿಂಬಲ್ಡನ್ ಗೆದ್ದವರು, ಇಂಗ್ಲೆಂಡಿನ ರಾಣಿ ಕೈಯಿಂದ ಬಹುಮಾನ ತಗೊಂಡವರು, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದೂರದ ಈಸ್ಟ್ ಆರೆಂಜ್‌ನಲ್ಲಿ ಕೊನೆಗಾಲದಲ್ಲಿ ಬಾಡಿಗೆಗೂ ಔಷಧಿಗೂ ದುಡ್ಡಿಲ್ಲದೆ ಇದ್ದರಂತೆ. ಇದು ಹೇಗೆ ಸಾಧ್ಯ? ಇಲ್ಲಿ ಟೆನಿಸ್ ತಿಳಿದವರು ಇದ್ದೀರಿ. ಸ್ವಲ್ಪ ಹೇಳಿ.

ಹಳೇ ರಾಕೆಟ್

ಒಳ್ಳೇ ಪ್ರಶ್ನೆ ಎತ್ತಿದಿರಿ. ನಾನು ಮರದ ರಾಕೆಟ್ ಕಾಲದವನು. ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಆಲ್ಥಿಯಾ ಹುಟ್ಟಿದ್ದು 1927ರಲ್ಲಿ, ದಕ್ಷಿಣ ಕ್ಯಾರೊಲೈನಾದ ಸಿಲ್ವರ್ ಅನ್ನೋ ಹಳ್ಳಿಯಲ್ಲಿ. ಹತ್ತಿ ಬೆಳೆಯೋ ಸೀಮೆ. ಬೆಳೆ ಕೈಕೊಟ್ಟು ಮನೆಯವರು ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದರು. 143ನೇ ಬೀದಿಯಲ್ಲಿ ಮನೆ. ಅದೃಷ್ಟ ನೋಡಿ, ಹಗಲು ಹೊತ್ತು ಮಕ್ಕಳು ಆಡಲಿ ಅಂತ ಗಾಡಿ ನಿಲ್ಲಿಸಿ ಬಿಟ್ಟುಕೊಟ್ಟ ಬೀದಿಗಳಲ್ಲಿ ಅದೂ ಒಂದು. ಅಲ್ಲಿ ಮರದ ಹಲಗೆ ಬ್ಯಾಟಿನ ಪ್ಯಾಡಲ್ ಟೆನಿಸ್ ಆಡುತ್ತಿದ್ದರು. ಹುಡುಗಿ ಶಾಲೆಗೆ ಚಕ್ಕರ್, ಬೀದಿಗೆ ಹಾಜರ್. ಅಪ್ಪ ಬಾಕ್ಸಿಂಗ್ ಕಲಿಸಿದ್ದ. ಮನೆಗೆ ಹೋದರೆ ಏಟು ಬೀಳುತ್ತೆ ಅಂತ ಒಮ್ಮೊಮ್ಮೆ ರಾತ್ರಿಯೆಲ್ಲ ಸಬ್‌ವೇ ರೈಲಿನಲ್ಲೇ ಕೂತು ಕಳೆಯುತ್ತಿದ್ದಳಂತೆ.

ಬಡ್ಡಿ ವಾಕರ್ ಅಂತ ಒಬ್ಬ ವಾದ್ಯಗಾರ, ಬೀದಿ ಮಕ್ಕಳ ಆಟ ನೋಡಿಕೊಳ್ಳುತ್ತಿದ್ದವನು, ಇವಳ ಕೈ ನೋಡಿ ಒಂದು ಹಳೇ ರಾಕೆಟ್ ಕೊಡಿಸಿದ. ಮುಂದೆ ಕಾಸ್ಮೊಪಾಲಿಟನ್ ಕ್ಲಬ್‌ನಲ್ಲಿ ಫ್ರೆಡ್ ಜಾನ್ಸನ್ ಕೋಚ್. ಆತನಿಗೆ ಇದ್ದದ್ದು ಒಂದೇ ಕೈ. ಒಂದೇ ಕೈಯಲ್ಲಿ ಚೆಂಡೂ ಹಿಡಿದು, ಎಸೆದು, ಸರ್ವೂ ಮಾಡಬೇಕು. ಅಂಥವನ ಹತ್ತಿರ ಕಲಿತರೆ ಆಟ ಹೇಗಿರಬೇಡ!

ಆಗ ಕಪ್ಪು ಜನರಿಗೆ ಬಿಳಿಯರ ಟೂರ್ನಮೆಂಟ್‌ಗಳಲ್ಲಿ ಪ್ರವೇಶ ಇರಲಿಲ್ಲ. ಅವರದೇ ಬೇರೆ ಸಂಘ ಇತ್ತು, ಅಮೆರಿಕನ್ ಟೆನಿಸ್ ಅಸೋಸಿಯೇಷನ್. 1946ರಲ್ಲಿ ಅದರ ಫೈನಲ್‌ನಲ್ಲಿ ಆಲ್ಥಿಯಾ ಸೋತರು. ಸೋತಿದ್ದನ್ನು ನೋಡುತ್ತಾ ಇಬ್ಬರು ಡಾಕ್ಟರುಗಳು ಕೂತಿದ್ದರು. ವಿಲ್ಮಿಂಗ್ಟನ್ನಿನ ಹ್ಯೂಬರ್ಟ್ ಈಟನ್, ಲಿಂಚ್‌ಬರ್ಗಿನ ವಾಲ್ಟರ್ ಜಾನ್ಸನ್. ಇಬ್ಬರೂ ಕಪ್ಪು ಜನರೇ. ಈ ಹುಡುಗಿಯನ್ನು ನಾವು ಸಾಕುತ್ತೇವೆ ಅಂದರು. ಈಟನ್ ಮನೆಯಲ್ಲಿದ್ದು ನಿಂತುಹೋಗಿದ್ದ ಹೈಸ್ಕೂಲು ಮುಗಿಸಿದರು. ಆ ಮನೆ ಹಿತ್ತಲಲ್ಲೇ ಟೆನಿಸ್ ಕೋರ್ಟ್. ಬೇಸಿಗೆ ಬಂದರೆ ಜಾನ್ಸನ್ ಮನೆ. ಇದೇ ಜಾನ್ಸನ್ ಮುಂದೆ ವಿಂಬಲ್ಡನ್ ಗೆದ್ದ ಆರ್ಥರ್ ಆಶ್‌ಗೂ ಕಲಿಸಿದವರು. 1947ರಿಂದ ಸತತವಾಗಿ ಹತ್ತು ವರ್ಷ ಆ ಸಂಘದ ಚಾಂಪಿಯನ್ ಆಲ್ಥಿಯಾನೇ.

ಇಷ್ಟಾದರೂ ಫಾರೆಸ್ಟ್ ಹಿಲ್ಸ್ ಬಾಗಿಲು ತೆರೆಯಲಿಲ್ಲ. ಆಗ ಅಮೆರಿಕದ ದೊಡ್ಡ ಟೂರ್ನಮೆಂಟ್, ಈಗಿನ ಯುಎಸ್ ಓಪನ್, ಅಲ್ಲಿ ನಡೆಯುತ್ತಿತ್ತು. 1950ರಲ್ಲಿ ಆಲಿಸ್ ಮಾರ್ಬಲ್ ಅನ್ನೋ ಹಳೇ ಬಿಳಿ ಚಾಂಪಿಯನ್ ಒಂದು ಪತ್ರಿಕೆಯಲ್ಲಿ ಚೆನ್ನಾಗಿ ಉಗಿದು ಬರೆದರು. ಈ ಹುಡುಗಿಯನ್ನು ಆಡಲು ಬಿಡದೆ ಇರೋದು ನಮಗೇ ನಾಚಿಕೆ ಅನ್ನೋದು ಅದರ ಸಾರ. ಅದೇ ಆಗಸ್ಟ್‌ನಲ್ಲಿ ಅವಕಾಶ ಸಿಕ್ಕಿತು.

ಮೊಸರವಲಕ್ಕಿ

ಹಳೇ ರಾಕೆಟ್ ಸಾರ್, ಮಿಂಚು ಹೊಡೆದ ಮ್ಯಾಚ್ ಅದೇ ಅಲ್ವಾ?

ಹಳೇ ರಾಕೆಟ್

ಅದೇ! ಎರಡನೇ ಸುತ್ತು. ಎದುರಿಗೆ ಲೂಯಿಸ್ ಬ್ರೌ, ವಿಂಬಲ್ಡನ್ ಚಾಂಪಿಯನ್. ಮೊದಲ ಸೆಟ್ 6-1 ಬ್ರೌಗೆ, ಎರಡನೇದು 6-3 ಆಲ್ಥಿಯಾಗೆ. ಮೂರನೇದರಲ್ಲಿ 7-6 ಅಂತ ಆಲ್ಥಿಯಾ ಮುಂದೆ. ಟೈಬ್ರೇಕರ್ ಇನ್ನೂ ಹುಟ್ಟಿರಲಿಲ್ಲ, ಒಬ್ಬರು ಎರಡು ಗೇಮ್ ಮುಂದೆ ಹೋಗೋವರೆಗೂ ಆಡಬೇಕಿತ್ತು. ಅಷ್ಟರಲ್ಲಿ ಗುಡುಗು ಮಳೆ. ಸಿಡಿಲು ಬಡಿದು ಸ್ಟೇಡಿಯಂ ಮೇಲಿದ್ದ ಕಲ್ಲಿನ ಹದ್ದು ಕೆಳಗೆ ಬಿತ್ತು. ಆಟ ಮರುದಿನಕ್ಕೆ. ಮರುದಿನ ಕೆಲವೇ ನಿಮಿಷದಲ್ಲಿ 9-7ಕ್ಕೆ ಸೋತರು. ರಾತ್ರಿಯೆಲ್ಲ ಯೋಚನೆ ಮಾಡಿದ್ದು ಕೆಟ್ಟಿತು ಅಂತ ನನ್ನ ಅಂದಾಜು. ಕ್ಲಬ್ ಮಟ್ಟದಲ್ಲಿ ಆಡಿದವರಿಗೂ ಗೊತ್ತು, ಗೆಲ್ಲೋ ಮ್ಯಾಚ್ ರಾತ್ರಿಗೆ ನಿಲ್ಲಬಾರದು.

ಮಲ್ನಾಡ್ ಮಳೆ

ಇವರು ಭಾರತಕ್ಕೂ ಬಂದಿದ್ದರು ಅಂತ ಓದಿದ ನೆನಪು.

ಹಳೇ ರಾಕೆಟ್

ಹೌದು. ಅದರ ಹಿಂದೆ ಒಂದು ಕಥೆ ಇದೆ. 1950ರ ಆ ಮ್ಯಾಚ್ ಆದ ಮೇಲೆ ಐದು ವರ್ಷ ಅಂಥದ್ದೇನೂ ಆಗಲಿಲ್ಲ. ಕಾಲೇಜು ಮುಗಿಸಿ ಮಿಸೌರಿಯ ಲಿಂಕನ್ ಯೂನಿವರ್ಸಿಟಿಯಲ್ಲಿ ವ್ಯಾಯಾಮ ಮೇಡಂ ಆಗಿದ್ದರು. ಟೆನಿಸ್ ಬಿಟ್ಟು ಸೈನ್ಯದ ಮಹಿಳಾ ದಳ ಸೇರೋಣ ಅಂತ ಅರ್ಜಿವರೆಗೂ ಹೋಗಿತ್ತು. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನನ್ನು ಕೊಂದಿದ್ದರು. ಪ್ರಪಂಚದ ಮುಂದೆ ಅಮೆರಿಕದ ಮಾನ ಹೋಗಿತ್ತು. ಆ ಹೊತ್ತಲ್ಲಿ ಅಲ್ಲಿನ ವಿದೇಶಾಂಗ ಇಲಾಖೆ ಏಷ್ಯಾಕ್ಕೆ ನಾಲ್ಕು ಜನರ ಟೆನಿಸ್ ತಂಡ ಕಳಿಸಿತು. ಅದರಲ್ಲಿ ಆಲ್ಥಿಯಾ ಒಬ್ಬರು. ಬರ್ಮಾ, ಸಿಲೋನ್, ಭಾರತ, ಪಾಕಿಸ್ತಾನ. ಸ್ವಂತ ಊರಿನ ಹೋಟೆಲಿನಲ್ಲಿ ರೂಮ್ ಕೊಡದ ದೇಶ, ಹೊರಗೆ ತೋರಿಸೋಕೆ ಮಾತ್ರ ಇವರನ್ನು ಕರೆಯಿತು. ಆದರೆ ಆಲ್ಥಿಯಾಗೆ ಲಾಭವೇ ಆಯಿತು. ದಿನಾ ಆಡಿ ಆಡಿ ಆಟ ಪಳಗಿತು. ಮತ್ತೆ, ನಮ್ಮ ದೇಶದಲ್ಲೇ ಏಂಜೆಲಾ ಬಕ್ಸ್‌ಟನ್ ಅನ್ನೋ ಇಂಗ್ಲಿಷ್ ಹುಡುಗಿಯ ಪರಿಚಯ ಆಯಿತು. ಈ ಹೆಸರು ನೆನಪಿಟ್ಟುಕೊಳ್ಳಿ, ಜಗಲಿಯವರ ಪ್ರಶ್ನೆಗೆ ಉತ್ತರ ಅಲ್ಲಿದೆ.

1956ರಲ್ಲಿ ಫ್ರೆಂಚ್ ಗೆದ್ದರು. ಗ್ರ್ಯಾಂಡ್ ಸ್ಲಾಮ್, ಅಂದರೆ ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಮೆಂಟುಗಳಲ್ಲಿ ಒಂದನ್ನು, ಗೆದ್ದ ಮೊದಲ ಕಪ್ಪು ವ್ಯಕ್ತಿ, ಗಂಡಸರನ್ನೂ ಸೇರಿಸಿ. 1957ರಲ್ಲಿ ವಿಂಬಲ್ಡನ್, ಡಾರ್ಲೀನ್ ಹಾರ್ಡ್ ಮೇಲೆ 6-3, 6-2. ಅದೇ ವರ್ಷ ಫಾರೆಸ್ಟ್ ಹಿಲ್ಸ್, ಫೈನಲ್‌ನಲ್ಲಿ ಸೋತವರು ಯಾರು? ಮಿಂಚಿನ ಮ್ಯಾಚಿನ ಅದೇ ಲೂಯಿಸ್ ಬ್ರೌ. 1958ರಲ್ಲಿ ಎರಡನ್ನೂ ಮತ್ತೆ ಗೆದ್ದರು.

ಸಕ್ಕರೆ ಸೀಮೆ

ಒಟ್ಟು 11 ಸಲ ವಿಂಬಲ್ಡನ್ ಗೆದ್ದಿದ್ದಾರೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ಮೊಸರವಲಕ್ಕಿ

ಇಲ್ಲ ಅಣ್ಣ. 11 ಅನ್ನೋದು ಎಲ್ಲ ಗ್ರ್ಯಾಂಡ್ ಸ್ಲಾಮ್ ಸೇರಿಸಿ. ಸಿಂಗಲ್ಸ್ 5, ಡಬಲ್ಸ್ 5, ಮಿಕ್ಸೆಡ್ 1. ವಿಡಿಯೋದವರಿಗೆ ಲೆಕ್ಕ ಬರಲ್ಲ.

ಸಕ್ಕರೆ ಸೀಮೆ

ಸರಿ, ಒಪ್ಪಿದೆ. ಆದರೆ ನನಗೆ ಅರ್ಥ ಆಗದಿರೋದು ದುಡ್ಡಿನ ವಿಷಯ. ನ್ಯೂಯಾರ್ಕ್ ಬೀದಿಯಲ್ಲಿ ಮೆರವಣಿಗೆ ಮಾಡಿಸಿಕೊಂಡವರು. ಆಮೇಲೆ ದುಡ್ಡಿಗೆ ಆಡೋ ಪ್ರೊ ಆಗಿ ಸುಮಾರು ಒಂದು ಲಕ್ಷ ಡಾಲರ್ ಬಂತು ಅಂತಾನೂ ಇದೆ. 1959ರ ಒಂದು ಲಕ್ಷ ಡಾಲರ್! ಉಳಿಸಿಕೊಳ್ಳದೆ ಇದ್ದರೆ ಯಾರ ತಪ್ಪು? ಸುಮ್ಮನೆ ಎಲ್ಲದಕ್ಕೂ ವ್ಯವಸ್ಥೆ ಅನ್ನಬಾರದು.

ಹಳೇ ರಾಕೆಟ್

ನ್ಯಾಯವಾದ ಪ್ರಶ್ನೆ. ಮೊದಲು 1958ರವರೆಗಿನ ಲೆಕ್ಕ ಹೇಳುತ್ತೇನೆ. ಗೆದ್ದ ಐದು ಸಿಂಗಲ್ಸ್ ಪ್ರಶಸ್ತಿಗೆ ಸಿಕ್ಕ ಬಹುಮಾನದ ಹಣ ಸೊನ್ನೆ. ಕಡಿಮೆ ಅಲ್ಲ, ಸೊನ್ನೆ. ಆಗ ದೊಡ್ಡ ಟೂರ್ನಮೆಂಟ್‌ಗಳೆಲ್ಲ ಅಮೆಚೂರ್‌ಗಳಿಗೆ ಮಾತ್ರ. ತಟ್ಟೆ, ಕಪ್, ಚಪ್ಪಾಳೆ, ಓಡಾಡೋ ಖರ್ಚು. ದುಡ್ಡು ಮುಟ್ಟಿದರೆ ಹೊರಗೆ. ಈ ನಿಯಮ ಮಾಡಿದವರಿಗೆ ಮನೆಯಲ್ಲಿ ಆಸ್ತಿ ಇತ್ತು, ನಡೆಯುತ್ತಿತ್ತು. ಹಾರ್ಲೆಮ್ ಬೀದಿಯವರಿಗೆ? ಟೆನಿಸ್ ರಾಣಿ ಅಂತ ಕರೆಸಿಕೊಂಡು ಖಾಲಿ ಬ್ಯಾಂಕ್ ಖಾತೆಯನ್ನು ಆಳುತ್ತಿದ್ದೆ ಅನ್ನೋ ಅರ್ಥದ ಮಾತನ್ನು ಆಲ್ಥಿಯಾ ಅವರೇ ಬರೆದಿದ್ದಾರೆ.

ಗಂಡಸರಿಗಾದರೆ ಜ್ಯಾಕ್ ಕ್ರೇಮರ್‌ನ ಪ್ರೊ ತಂಡ ಇತ್ತು. ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಅಲ್ಲಿಂದ ಕರೆ ಬಂದಿತ್ತು, ಅವರು ಹೋಗಲಿಲ್ಲ. ಹೆಂಗಸರಿಗೆ ಅಂಥ ಟೂರ್ ಅನ್ನೋದೇ ಇರಲಿಲ್ಲ. ಹಾಗಾಗಿ ಆಲ್ಥಿಯಾ ಮಾಡಿದ್ದು ಏನು ಗೊತ್ತಾ? ಹಾಡಿನ ರೆಕಾರ್ಡ್ ಒಂದು. ಜಾನ್ ವೇಯ್ನ್ ಸಿನಿಮಾದಲ್ಲಿ ಮನೆಗೆಲಸದವಳ ಪಾತ್ರ. ಬ್ರೆಡ್ ಕಂಪನಿಯೊಂದರ ಪ್ರಚಾರದ ಕೆಲಸ. ಮತ್ತೆ ನೀವು ಹೇಳಿದ ಲಕ್ಷ ಡಾಲರ್, ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಜೊತೆ. ಅವರ ಆಟಕ್ಕೆ ಮೊದಲು ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲೇ ನೆಟ್ ಕಟ್ಟಿ ಇನ್ನೊಬ್ಬ ಆಟಗಾರ್ತಿ ಕ್ಯಾರಲ್ ಫೇಗೆರೋಸ್ ಜೊತೆ ಆಡೋದು. ನಮ್ಮ ಕಡೆ ನಾಟಕ ಶುರುವಾಗೋ ಮುಂಚೆ ಜನ ಸೇರಿಸೋಕೆ ಹಾಡು ಹಾಕುತ್ತಾರಲ್ಲ, ಹಾಗೆ. ಪ್ರಪಂಚದ ನಂಬರ್ 1!

ಆ ದುಡ್ಡು ಹೋಗಿದ್ದು ಮರುವರ್ಷ. ನಾನೇ ಸ್ವಂತ ಟೂರ್ ಮಾಡುತ್ತೇನೆ ಅಂತ ಹಾಕಿದರು. ಜನ ಬರಲಿಲ್ಲ. ಅವರು ಅಂದುಕೊಂಡಿದ್ದು, ಗ್ಲೋಬ್‌ಟ್ರಾಟರ್ಸ್ ಜನ ನನ್ನನ್ನು ನೋಡೋಕೂ ಬರುತ್ತಿದ್ದಾರೆ ಅಂತ. ಅಲ್ಲಿ ಲೆಕ್ಕ ತಪ್ಪಿತು. ಇದು ಅವರದೇ ತಪ್ಪು, ಸಕ್ಕರೆ ಸೀಮೆಯವರೇ, ಒಪ್ಪುತ್ತೇನೆ. ಆದರೆ ಒಂದು ತಪ್ಪಿಗೆ ಜೀವನಪೂರ್ತಿ ದಂಡ ಕಟ್ಟಬೇಕಾಗಿದ್ದು, ಎರಡನೇ ಬಾಗಿಲು ಇರಲಿಲ್ಲ ಅನ್ನೋ ಕಾರಣಕ್ಕೆ.

ಮಾರ್ಕರ್ ಮಗ

ನಾನು ಈ ಗುಂಪಿನಲ್ಲಿ ಓದೋದು ಜಾಸ್ತಿ, ಬರೆಯೋದು ಕಡಿಮೆ. ಅಮೆಚೂರ್ ಮಾತು ಬಂತು ಅಂತ ಬರೆಯುತ್ತಿದ್ದೇನೆ.

ನಮ್ಮಪ್ಪ ಬೆಂಗಳೂರಿನ ಒಂದು ಕ್ಲಬ್‌ನಲ್ಲಿ ಮಾರ್ಕರ್ ಆಗಿದ್ದರು. ಗೊತ್ತಿಲ್ಲದವರಿಗೆ: ಮಾರ್ಕರ್ ಅಂದರೆ ಸದಸ್ಯರ ಜೊತೆ ಆಡೋಕೆ ಕ್ಲಬ್ ಇಟ್ಟುಕೊಂಡ ಆಳು. ಎಂಟು ವರ್ಷಕ್ಕೆ ಬಾಲ್ ಬಾಯ್ ಆಗಿ ಸೇರಿದವರು. ಬೆಳಿಗ್ಗೆ ಐದೂವರೆಗೆ ಹೋಗಿ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಆಮೇಲೆ ಆಟ. ಮಧ್ಯಾಹ್ನ ರಾಕೆಟ್‌ಗೆ ಗಟ್ ಕಟ್ಟೋದು. ಆ ಕ್ಲಬ್‌ನಲ್ಲಿ ಅಪ್ಪನನ್ನು ಸೋಲಿಸೋ ಸದಸ್ಯರು ಯಾರೂ ಇರಲಿಲ್ಲ. ಆದರೆ ಅಪ್ಪ ಅವರನ್ನು ಸೋಲಿಸೋ ಹಾಗಿರಲಿಲ್ಲ! 6-4ಕ್ಕೆ ಸೋಲೋದೂ ಒಂದು ಕಲೆ ಅಂತ ನಗುತ್ತಿದ್ದರು. ಸಂಬಳಕ್ಕೆ ಆಡುವವನು ಪ್ರೊಫೆಷನಲ್, ಹಾಗಾಗಿ ದೊಡ್ಡವರ ಟೂರ್ನಮೆಂಟಿಗೆ ಹೆಸರು ಕೊಡೋ ಹಾಗಿಲ್ಲ. ಅಪ್ಪ ಕಲಿಸಿದ ಹುಡುಗರು ರಾಜ್ಯಕ್ಕೆ ಆಡಿದರು. ಅಪ್ಪ ಗೇಟಿನ ಹತ್ತಿರ ಸೈಕಲ್ ಹಿಡಿದು ಕಾಯುತ್ತಿದ್ದರು, ಫಲಿತಾಂಶ ಕೇಳೋಕೆ.

ಈಗ ಹಳೇ ರಾಕೆಟ್ ಅವರು ಹೇಳಿದ್ದನ್ನು ಇದರ ಪಕ್ಕ ಇಡಿ. ಒಂದೇ ನಿಯಮ. ದುಡ್ಡು ತಗೊಂಡ ನಮ್ಮಪ್ಪನನ್ನು ಹೊರಗೆ ನಿಲ್ಲಿಸಿತು. ದುಡ್ಡು ತಗೊಳ್ಳದ ಆಲ್ಥಿಯಾ ಅವರನ್ನು ಉಪವಾಸ ಕೆಡವಿತು. ಅಪ್ಪನಿಗೆ ಸೊಂಟ ಹೋದಾಗ ಪಿಂಚಣಿ ಅಂತ ಏನೂ ಇರಲಿಲ್ಲ. ಒಬ್ಬ ಹಳೇ ಸದಸ್ಯರು, ಅಪ್ಪನ ಹತ್ತಿರ ಬ್ಯಾಕ್‌ಹ್ಯಾಂಡ್ ಕಲಿತವರು, ನಾಲ್ಕು ಜನರ ಹತ್ತಿರ ಕೂಡಿಸಿ ಕವರ್ ತಂದುಕೊಟ್ಟರು. ಅಪ್ಪ ಎರಡು ದಿನ ಕವರ್ ತೆಗೆಯಲಿಲ್ಲ.

ಮಲ್ನಾಡ್ ಮಳೆ

ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಬರೆಯುತ್ತಾ ಇರಿ ಅಣ್ಣ, ಓದೋದು ಮಾತ್ರ ಸಾಕಾಗಲ್ಲ.

ಗಾಲ್ಫ್ ಗೋವಿಂದ

ಯಾರೂ ಗಾಲ್ಫ್ ಎತ್ತಲಿಲ್ಲ. ನನಗೆ ಬೇಜಾರು.

ಆಲ್ಥಿಯಾ 1964ರಲ್ಲಿ, 37ನೇ ವಯಸ್ಸಿನ ಆಸುಪಾಸಿನಲ್ಲಿ, ಹೆಂಗಸರ ಪ್ರೊ ಗಾಲ್ಫ್ ಟೂರ್ ಸೇರಿದರು. ಅಲ್ಲೂ ಮೊದಲ ಕಪ್ಪು ಆಟಗಾರ್ತಿ. ಒಂದು ಆಟದಲ್ಲಿ ಗೋಡೆ ಒಡೆದು ಸುಸ್ತಾಗಿಲ್ಲ ಅಂತ ಇನ್ನೊಂದಕ್ಕೆ ಹೋದರು! ದಕ್ಷಿಣದ ಎಷ್ಟೋ ಕ್ಲಬ್‌ಗಳಲ್ಲಿ ಕೋರ್ಸ್ ಮೇಲೆ ಆಡಬಹುದು, ಕ್ಲಬ್ ಹೌಸ್ ಒಳಗೆ ಬರೋ ಹಾಗಿಲ್ಲ. ಕಾರಿನಲ್ಲೇ ಬಟ್ಟೆ, ಶೂ ಬದಲಾಯಿಸಿ ಆಡುತ್ತಿದ್ದರು. 1978ರವರೆಗೆ 171 ಟೂರ್ನಮೆಂಟ್. ಒಂದೂ ಗೆಲ್ಲಲಿಲ್ಲ. 1970ರಲ್ಲಿ ಒಂದರಲ್ಲಿ ಮೂವರು ಸಮ ಆಗಿ ಪ್ಲೇಆಫ್‌ನಲ್ಲಿ ತಪ್ಪಿತು. ಗಾಲ್ಫ್‌ನಿಂದ ಬಂದ ಒಟ್ಟು ಬಹುಮಾನ 25,000 ಡಾಲರ್ ಮುಟ್ಟಲಿಲ್ಲ. ಅಷ್ಟೂ ವರ್ಷ ಸೇರಿ. ಅದರಲ್ಲೇ ಪೆಟ್ರೋಲ್, ಊಟ, ಕ್ಯಾಡಿ.

ಗಾಲ್ಫ್ ತಡವಾಗಿ ಕಲಿತರೆ ಹೀಗೇ. ಉದ್ದ ಹೊಡೆಯುತ್ತಿದ್ದರಂತೆ. ಪಟ್ಟಿಂಗ್‌ಗೆ ಬೇಕಾದ ಕೈ ಚಿಕ್ಕಂದಿನಿಂದ ಬರಬೇಕು. ನನಗೆ 50ನೇ ವಯಸ್ಸಿನಲ್ಲೂ ಬಂದಿಲ್ಲ.

ಮೊಸರವಲಕ್ಕಿ

ಕ್ರೂರ ಅಂದರೆ ಇದು ನೋಡಿ. 1968ರಲ್ಲಿ ವಿಂಬಲ್ಡನ್ ಎಲ್ಲರಿಗೂ ತೆರೆಯಿತು, ಬಹುಮಾನದ ಹಣ ಬಂತು. ಹೆಂಗಸರ ಚಾಂಪಿಯನ್ ಬಿಲ್ಲಿ ಜೀನ್ ಕಿಂಗ್‌ಗೆ 750 ಪೌಂಡ್, ಗಂಡಸರಲ್ಲಿ ಲೇವರ್‌ಗೆ 2,000. ಆಲ್ಥಿಯಾಗೆ ಆಗ 40 ದಾಟುತ್ತಿತ್ತು. ಹತ್ತೇ ವರ್ಷ ತಡ.

ಸಕ್ಕರೆ ಸೀಮೆ

ಟೆನಿಸ್, ಗಾಲ್ಫ್ ಎಲ್ಲ ಸರಿ. ಆದರೆ ಸರ್ಕಾರಿ ಕೆಲಸವೂ ಇತ್ತಲ್ಲ? ಪಿಂಚಣಿ ಬರಬೇಕಲ್ವಾ?

ಜರ್ಸಿ ಜಗಲಿ

ಇದನ್ನು ನಾನು ಹೇಳುತ್ತೇನೆ, ನಮ್ಮ ರಾಜ್ಯದ ವಿಷಯ. ನೀವೆಲ್ಲ ಬರೆದದ್ದು ನೋಡಿ ಇಲ್ಲಿನ ಲೈಬ್ರರಿಗೂ ಹೋಗಿ ಬಂದೆ.

ಕೆಲಸಗಳು ಇದ್ದವು, ಕಾಯಂ ಕೆಲಸಗಳು ಕಡಿಮೆ. ಬಡ ಬಡಾವಣೆಗಳಿಗೆ ಗಾಡಿಯಲ್ಲಿ ನೆಟ್ ತಗೊಂಡು ಹೋಗಿ ಮಕ್ಕಳಿಗೆ ಟೆನಿಸ್ ಕಲಿಸೋ ಕಾರ್ಯಕ್ರಮ ನಡೆಸಿದರು. 70ರ ದಶಕದ ಮಧ್ಯೆ ನ್ಯೂಜೆರ್ಸಿಯ ಅಥ್ಲೆಟಿಕ್ ಕಮಿಷನರ್ ಆದರು. ದೇಶದಲ್ಲಿ ಆ ಹುದ್ದೆಗೆ ಬಂದ ಮೊದಲ ಹೆಂಗಸು. ಒಂದೇ ವರ್ಷಕ್ಕೆ ಬಿಟ್ಟರು. ಹೆಸರಿಗೆ ಕುರ್ಚಿ, ಬಜೆಟ್ಟೂ ಇಲ್ಲ, ಅಧಿಕಾರವೂ ಇಲ್ಲ. 1977ರಲ್ಲಿ ರಾಜ್ಯ ಸೆನೆಟ್‌ಗೆ ನಿಲ್ಲೋಕೆ ಪಕ್ಷದೊಳಗಿನ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು. ಆಮೇಲೆ ಈಸ್ಟ್ ಆರೆಂಜ್ ಊರಿನ ಆಟೋಟ ವಿಭಾಗ ನೋಡಿಕೊಂಡರು.

80ರ ದಶಕದ ಕೊನೆಗೆ ಮೆದುಳಿನಲ್ಲಿ ರಕ್ತಸ್ರಾವ, ಎರಡು ಸಲ. 1992ರಲ್ಲಿ ಪಾರ್ಶ್ವವಾಯು. ಈ ದೇಶದಲ್ಲಿ ಆಸ್ಪತ್ರೆ ಬಿಲ್ ಅಂದರೆ ಏನು ಅಂತ ಇಲ್ಲಿರೋ ನಮ್ಮವರಿಗೆ ಗೊತ್ತು. ಇನ್ಶೂರೆನ್ಸ್ ಇದ್ದ ನನಗೇ ಒಂದು ಸಲ ತುರ್ತು ಚಿಕಿತ್ಸೆಗೆ ಹೋಗಿ ಬಂದ ಮೇಲೆ ಮೂರು ತಿಂಗಳು ಕವರ್ ಮೇಲೆ ಕವರ್ ಬರುತ್ತಿತ್ತು. ಇದ್ದದ್ದೆಲ್ಲ ಬಿಲ್‌ಗೆ ಹೋಯಿತು. ಟೆನಿಸ್ ಸಂಸ್ಥೆಗಳ ಹತ್ತಿರ ಸಹಾಯ ಕೇಳಿದರೂ ಉತ್ತರ ಬರಲಿಲ್ಲವಂತೆ. ಮನೆಯಿಂದ ಹೊರಗೆ ಬರೋದು ಬಿಟ್ಟರು. ಯಾರನ್ನೂ ನೋಡುತ್ತಿರಲಿಲ್ಲ.

1995ರ ಹೊತ್ತಿಗೆ ಒಂದು ದಿನ ಏಂಜೆಲಾ ಬಕ್ಸ್‌ಟನ್‌ಗೆ ಫೋನ್ ಮಾಡಿದರು. ಹಳೇ ರಾಕೆಟ್ ಸಾರ್ ನೆನಪಿಟ್ಟುಕೊಳ್ಳಿ ಅಂದಿದ್ದರಲ್ಲ, ಅದೇ ಬಕ್ಸ್‌ಟನ್. ಫೋನ್ ಮಾಡಿದ್ದು ಹೋಗಿಬರ್ತೀನಿ ಅಂತ ಹೇಳೋಕೆ. ಇನ್ನು ಬದುಕೋದು ಬೇಡ ಅನ್ನೋ ಸ್ಥಿತಿ. ಬಕ್ಸ್‌ಟನ್ ಮೊದಲು ತಾವೇ ದುಡ್ಡು ಕಳಿಸಿದರು. ಆಮೇಲೆ ಆಲ್ಥಿಯಾಗೆ ಹೇಳದೆ, ಟೆನಿಸ್ ವೀಕ್ ಪತ್ರಿಕೆಯಲ್ಲಿ ಒಂದು ಪತ್ರ ಹಾಕಿಸಿದರು. ಸ್ಥಿತಿ ಹೀಗಿದೆ, ಕೈಲಾದರೆ ಸಹಾಯ ಮಾಡಿ ಅಂತ. ಎಲ್ಲೆಲ್ಲಿಂದಲೋ ಕವರ್‌ಗಳು ಬಂದವು. ಒಟ್ಟು ಸುಮಾರು ಹತ್ತು ಲಕ್ಷ ಡಾಲರ್ ಹತ್ತಿರ ಸೇರಿತು. ಮಾರ್ಕರ್ ಮಗ ಅವರ ಅಪ್ಪನ ಕವರ್ ಓದಿದಾಗಿನಿಂದ ನನಗೆ ಇದೇ ತಲೆಯಲ್ಲಿ ತಿರುಗುತ್ತಿದೆ.

ಆಮೇಲೆ ಇನ್ನೂ ಎಂಟು ವರ್ಷ ಬದುಕಿದರು. ತೀರಿಕೊಂಡಿದ್ದು 2003ರ ಸೆಪ್ಟೆಂಬರ್ 28, ಈಸ್ಟ್ ಆರೆಂಜ್‌ನಲ್ಲೇ.

ಮಲ್ನಾಡ್ ಮಳೆ

ಬಕ್ಸ್‌ಟನ್ ಯಾಕೆ ಇಷ್ಟು ಮಾಡಿದರು?

ಹಳೇ ರಾಕೆಟ್

ಬಕ್ಸ್‌ಟನ್ ಯಹೂದಿ. ಆ ಕಾಲದ ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಅವರಿಗೂ ಬಾಗಿಲು ಮುಚ್ಚಿತ್ತು. ಡಬಲ್ಸ್ ಆಡೋಕೆ ಆಲ್ಥಿಯಾ ಜೊತೆ ಯಾರೂ ಮುಂದೆ ಬರುತ್ತಿರಲಿಲ್ಲ, ಇವರ ಜೊತೆಗೂ ಅಷ್ಟಕ್ಕಷ್ಟೇ. ಇಬ್ಬರೂ ಸೇರಿ 1956ರಲ್ಲಿ ಫ್ರೆಂಚ್ ಡಬಲ್ಸ್, ವಿಂಬಲ್ಡನ್ ಡಬಲ್ಸ್ ಎರಡೂ ಗೆದ್ದರು. ಬಕ್ಸ್‌ಟನ್ ವಿಂಬಲ್ಡನ್ ನಡೆಸೋ ಆಲ್ ಇಂಗ್ಲೆಂಡ್ ಕ್ಲಬ್ ಸದಸ್ಯತ್ವಕ್ಕೆ ಅರ್ಜಿ ಹಾಕಿ ಕಾದರು. 2020ರಲ್ಲಿ ತೀರಿಕೊಳ್ಳೋವರೆಗೂ ಅದು ಬರಲೇ ಇಲ್ಲ.

ಸಕ್ಕರೆ ಸೀಮೆ

ಆಯಿತು, ನಾನು ಮೊದಲು ಬರೆದದ್ದು ಸ್ವಲ್ಪ ಬಿರುಸಾಯಿತು. ಆದರೂ ಒಂದು ಮಾತು ವಾಪಸ್ ತಗೊಳ್ಳಲ್ಲ. ಸ್ವಂತ ಟೂರ್‌ಗೆ ಕೈಯಲ್ಲಿದ್ದದ್ದನ್ನೆಲ್ಲ ಹಾಕಬಾರದಿತ್ತು. ನಾನೂ ಒಂದು ಸಲ ಹೋಟೆಲ್ ಇಟ್ಟು ಹಾಗೇ ಕಳೆದುಕೊಂಡೆ, ಅದಕ್ಕೇ ಹೊಟ್ಟೆ ಉರಿ.

ಮಾರ್ಕರ್ ಮಗ

ಹೋಟೆಲ್ ಹೋದ ಮೇಲೆ ನಿಮಗೆ ಇನ್ನೊಂದು ಕೆಲಸ ಸಿಕ್ಕಿತಾ ಸಾರ್?

ಸಕ್ಕರೆ ಸೀಮೆ

ಸಿಕ್ಕಿತು. ಚಿಕ್ಕಪ್ಪನ ಅಂಗಡಿ. ಅರ್ಥ ಆಯಿತು ಬಿಡಿ.

ಗಾಲ್ಫ್ ಗೋವಿಂದ

ಜಗಲಿಯವರೇ, ಪ್ರತಿಮೆ ನೋಡೋಕೆ ಬರಬೇಕು ಅಂತ ನನ್ನ ಮಗಳು ಹೇಳುತ್ತಿದ್ದಾಳೆ, ಫಿಲಡೆಲ್ಫಿಯಾದಲ್ಲಿದ್ದಾಳೆ. ಪಾರ್ಕಿಂಗ್ ಹೇಗೆ?

ಜರ್ಸಿ ಜಗಲಿ

ಹೂವಿನ ಕಾಲದಲ್ಲಿ ಶನಿವಾರ, ಭಾನುವಾರ ಬರಲೇಬೇಡಿ ಅನ್ನಿ. ಕಾರಿಗಿಂತ ನಡೆದು ಬೇಗ ತಲುಪಬಹುದು. ಜೂನ್ ಆಮೇಲೆ ಖಾಲಿ ಇರುತ್ತೆ. ನ್ಯೂಯಾರ್ಕಿಗೂ ಹೋಗುವುದಾದರೆ ಯುಎಸ್ ಓಪನ್ ನಡೆಯೋ ಜಾಗದಲ್ಲಿ ಇನ್ನೊಂದು ಪ್ರತಿಮೆ ಇದೆ, ಗ್ರಾನೈಟ್‌ನದು. ಅದನ್ನು ಇಟ್ಟಿದ್ದು 2019ರಲ್ಲಿ, ಆ ಟೂರ್ನಮೆಂಟನ್ನು ಅವರು ಮೊದಲ ಸಲ ಗೆದ್ದು 62 ವರ್ಷ ಆದ ಮೇಲೆ.

ಇನ್ನೊಂದು. 2025ರಲ್ಲಿ ಆಲ್ಥಿಯಾ ಚಿತ್ರ ಇರೋ ಕಾಲು ಡಾಲರ್ ನಾಣ್ಯ ಬಂದಿದೆ. ಮೊನ್ನೆ ಅಂಗಡಿಯಲ್ಲಿ ಚಿಲ್ಲರೆ ಜೊತೆ ಒಂದು ಸಿಕ್ಕಿತು. ಮಾವ ಊರಿಗೆ ತಗೊಂಡು ಹೋಗುತ್ತೇನೆ, ಮೊಮ್ಮಕ್ಕಳಿಗೆ ತೋರಿಸಬೇಕು ಅಂದರು. ಫ್ರಿಜ್ ಮೇಲೆ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಇಲ್ಲ. ಅತ್ತೆ ಕೆಳಗಿನ ಮನೆಯವರ ಜೊತೆ ನಾಣ್ಯ ಹಾಕಿ ಬಟ್ಟೆ ಒಗೆಯೋ ಮಷಿನ್‌ಗೆ ಹೋಗಿದ್ದಾಗ ಹಾಕಿಬಿಟ್ಟಿದ್ದಾರೆ. ಈಗ ಮಾವ ಅತ್ತೆಯ ಹತ್ತಿರ ಮಾತು ಬಿಟ್ಟಿದ್ದಾರೆ. ಯಾರಿಗಾದರೂ ಇನ್ನೊಂದು ಸಿಕ್ಕಿದರೆ ಹೇಳಿ, ಅವರ ವಿಮಾನ 19ಕ್ಕೆ ಇದೆ.